ವೂರೆನ್: ಭಾಷಾಗಡಿಯ ಆರು ಹಳ್ಳಿಗಳು

ವೂರೆನ್: ಬೆಲ್ಜಿಯಮ್ ದೇಶದ ಪೂರ್ವದಂಚಿನಲ್ಲಿ, ನೆದರ್ಲೆಂಡ್ಸ್ ಗಡಿಗೆ ತಾಗಿಕೊಂಡಿರುವ ಗ್ರಾಮೀಣ ಪುರಸಭೆ. ಫ್ರೆಂಚ್ ಭಾಷಿಕರು ಇದನ್ನು ಫೂರೊನ್ ಎನ್ನುತ್ತಾರೆ. ವಿಸ್ತೀರ್ಣ ಸುಮಾರು 50 ಚ.ಕಿ.ಮೀ.; ಜನಸಂಖ್ಯೆ 4,000ಕ್ಕಿಂತ ತುಸು ಹೆಚ್ಚು. ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿರುವ ಮೂಲಿಂಗೆನ್, ಸ್ಗ್ರಾವೆನ್‌ವೂರೆನ್, ಸಿಂಟ್ ಮಾರ್ಟೆನ್ಸ್ ವೂರೆನ್, ಸಿಂಟ್ ಪೀಟರ್ಸ್ ವೂರೆನ್, ಟ್ಯೂವೆನ್ ಮತ್ತು ರೇಮರ್ಸ್‌ದಾಲ್ ಎಂಬ ಆರು ಹಳ್ಳಿಗಳು ಇದರಲ್ಲಿ ಸೇರಿವೆ. ಮೊದಲು ಒಂದೊಂದು ಹಳ್ಳಿಗೂ ಅದರದೇ ಆಡಳಿತವಿತ್ತು. 1977ರ ಜನವರಿ 1ರಂದು ಆರನ್ನೂ ಒಗ್ಗೂಡಿಸಿ ಒಂದು ಪುರಸಭೆ ಮಾಡಲಾಯಿತು. ಆಡಳಿತ ಕಚೇರಿ ಸ್ಗ್ರಾವೆನ್‌ವೂರೆನ್‌ನಲ್ಲಿದೆ.

ವೂರೆನ್ ಸೇರಿರುವುದು ಡಚ್ ಭಾಷೆಯ ಫ್ಲಾಂಡರ್ಸ್ ಪ್ರದೇಶದ ಲಿಂಬರ್ಗ್ ಪ್ರಾಂತಕ್ಕೆ. ಆದರೆ ಪ್ರಾಂತದ ಉಳಿದ ಭಾಗಕ್ಕೂ ಇದಕ್ಕೂ ನೆಲದ ಸಂಪರ್ಕವಿಲ್ಲ. ಉತ್ತರಕ್ಕೆ ನೆದರ್ಲೆಂಡ್ಸ್; ಉಳಿದ ಮೂರು ದಿಕ್ಕಿಗೂ ಫ್ರೆಂಚ್ ಭಾಷೆಯ ವಾಲೋನಿಯ ಪ್ರದೇಶದ ಲೀಯೆಜ್ ಪ್ರಾಂತ. ಇಲ್ಲಿಯವರು ತಮ್ಮ ಪ್ರಾಂತದ ರಾಜಧಾನಿ ಹ್ಯಾಸೆಲ್ಟ್‌ಗೆ ಹೋಗಬೇಕಾದರೆ ಪರಪ್ರಾಂತವನ್ನೋ ಪರದೇಶವನ್ನೋ ಹಾಯ್ದೇ ಹೋಗಬೇಕು. ದನ, ಸೇಬು, ಹಾಲುಗಳನ್ನು ನೆಚ್ಚಿ ಬದುಕುವ ಈ ಪುಟ್ಟ ಸೀಮೆಯ ಜಗಳ 1987ರಲ್ಲಿ ದೇಶದ ಸರ್ಕಾರವನ್ನೇ ಉರುಳಿಸಿತು. ವೂರೆನ್ ಹೆಸರು ಹೊರಜಗತ್ತಿಗೆ ತಿಳಿದದ್ದು ಮುಖ್ಯವಾಗಿ ಅದರಿಂದಲೇ.

ನೆಲ ಮತ್ತು ನೀರು

ಮಾಸ್ಟ್ರಿಕ್ಟ್, ಲೀಯೆಜ್ ಮತ್ತು ಜರ್ಮನಿಯ ಆಕೆನ್ ಎಂಬ ಮೂರು ನಗರಗಳ ನಡುವಣ ತ್ರಿಕೋನದಲ್ಲಿ ಈ ಸೀಮೆ ಬರುತ್ತದೆ. ಮೂಲಿಂಗೆನ್ ಇರುವುದು ಮಾಸ್ ನದಿಯ ಬಯಲಿನಲ್ಲಿ. ಅಲ್ಲಿಂದ ಪೂರ್ವಕ್ಕೆ ಹೋದಂತೆ ನೆಲ ಏರುತ್ತ ಹೋಗಿ, ರೇಮರ್ಸ್‌ದಾಲ್ ಬಳಿ ಸಮುದ್ರಮಟ್ಟಕ್ಕಿಂತ ಸುಮಾರು 288 ಮೀ. ಎತ್ತರ ಮುಟ್ಟುತ್ತದೆ. ಚಪ್ಪಟೆ ನೆಲಕ್ಕೆ ಹೆಸರಾದ ಫ್ಲಾಂಡರ್ಸಿನಲ್ಲಿ ಇದೇ ಅತ್ಯುನ್ನತ ಸ್ಥಳ.

ಸಿಂಟ್ ಪೀಟರ್ಸ್ ವೂರೆನ್‌ನಲ್ಲಿ ಹುಟ್ಟುವ ವೂರ್ ಎಂಬ ಹೊಳೆ ಮೂರು ಹಳ್ಳಿಗಳನ್ನು ಹಾಯ್ದು, ನೆದರ್ಲೆಂಡ್ಸಿನ ಐಸ್ಡೆನ್ ಊರಿನಲ್ಲಿ ಮಾಸ್ ನದಿಯನ್ನು ಸೇರುತ್ತದೆ. ಟ್ಯೂವೆನ್ ಕಡೆ ಗುಲ್ಪ್, ಮೂಲಿಂಗೆನ್ ಕಡೆ ಬರ್ವೈನ್ ಹೊಳೆಗಳಿವೆ. ತಳದಲ್ಲಿ ಸೀಮೆಸುಣ್ಣದ ಕಲ್ಲು, ಅದರ ನಡುನಡುವೆ ಚಕಮಕಿ ಕಲ್ಲಿನ ಉಂಡೆಗಳು, ಮೇಲೆ ಗಾಳಿ ತಂದು ಹಾಸಿದ ನುಣ್ಣನೆಯ ಮಣ್ಣು: ಇದು ಇಲ್ಲಿಯ ಭೂರಚನೆ. ಸಿಂಟ್ ಪೀಟರ್ಸ್ ವೂರೆನ್ ಬಳಿಯ ರುಲೆನ್ ಎಂಬಲ್ಲಿ ಸಿಗುವ ಹಳದಿ ಛಾಯೆಯ ಚಕಮಕಿ ಕಲ್ಲನ್ನು ನವಶಿಲಾಯುಗದ ಜನ ಕೊಡಲಿ, ಅಲಗುಗಳಿಗೆ ಬಳಸುತ್ತಿದ್ದರು. ಪುರಾತತ್ತ್ವಜ್ಞರು ಇಂದಿಗೂ ಈ ಕಲ್ಲನ್ನು ರುಲೆನ್ ಹೆಸರಿನಿಂದಲೇ ಗುರುತಿಸುತ್ತಾರೆ.

ಹೊಲಗಳ ಸುತ್ತ ಜೀವಂತ ಬೇಲಿ, ಇಳಿಜಾರಿನಲ್ಲಿ ಅಡ್ಡಕ್ಕೆ ಹಾಯುವ ಹುಲ್ಲಿನ ಬದುಗಳು, ಶತಮಾನಗಳ ಗಾಡಿಚಕ್ರ ಮತ್ತು ಮಳೆನೀರು ಕೊರೆದು ಆಳವಾದ ಹಳ್ಳದ ದಾರಿಗಳು ಈ ಸೀಮೆಯ ಚಹರೆ. ಬೇಲಿಗಳು ದಟ್ಟವಾಗಿ ಉಳಿದದ್ದರಿಂದ ಬೇರೆಡೆ ಕಣ್ಮರೆಯಾದ ಕಾಡುಜೀವಿಗಳು ಇಲ್ಲಿ ನೆಲೆ ಕಂಡುಕೊಂಡಿವೆ. ಹೇಸಲ್ ಗಿಡಗಳ ನಡುವೆ ಬದುಕಿ ಚಳಿಗಾಲವನ್ನೆಲ್ಲ ನಿದ್ದೆಯಲ್ಲಿ ಕಳೆಯುವ ಡಾರ್‌ಮೌಸ್ ಎಂಬ ಪುಟ್ಟ ಇಲಿ ಫ್ಲಾಂಡರ್ಸಿನಲ್ಲಿ ಉಳಿದಿರುವುದು ಇಲ್ಲಿ ಮಾತ್ರ. ಸ್ಗ್ರಾವೆನ್‌ವೂರೆನ್ ಬಳಿಯ ಆಲ್ಟೆನ್‌ಬ್ರೂಕ್ ಕಣಿವೆ ಈಗ ರಕ್ಷಿತ ನಿಸರ್ಗಧಾಮ.

ಪ್ರಾಚೀನ ಹಾಗೂ ಮಧ್ಯಯುಗದ ಇತಿಹಾಸ

ವೂರೆನ್ ಚರಿತ್ರೆಯಲ್ಲಿ ಮೊದಲು ಎದ್ದುಕಾಣುವ ಪ್ರಸಂಗವೇ ಒಂದು ಗಡಿ ಒಪ್ಪಂದ. ಚಕ್ರವರ್ತಿ ಶಾರ್ಲ್‌ಮೇನನ ಸಾಮ್ರಾಜ್ಯ ಒಡೆದು ಹಂಚಿಹೋದ ಮೇಲೆ ನಡುವಣ ಲೋಥಾರಿಂಜಿಯ ರಾಜ್ಯಕ್ಕಾಗಿ ಪಶ್ಚಿಮ ಮತ್ತು ಪೂರ್ವದ ಫ್ರಾಂಕ್ ದೊರೆಗಳು ಕಿತ್ತಾಡುತ್ತಿದ್ದರು. 870ರಲ್ಲಿ ಸಮೀಪದ ಮೇರ್ಸನ್‌ನಲ್ಲಿ ಅದನ್ನು ಪಾಲು ಮಾಡಿಕೊಂಡರು. 878ರ ನವೆಂಬರಿನಲ್ಲಿ ಪಶ್ಚಿಮದ ದೊರೆ ತೊದಲ ಲೂಯಿ ಮತ್ತು ಪೂರ್ವದ ದೊರೆ ಕಿರಿಯ ಲೂಯಿ ವೂರೆನ್‌ನಲ್ಲಿ ಭೇಟಿಯಾಗಿ ಆ ಪಾಲನ್ನು ಖಾಯಂ ಮಾಡಿದರು. ಇತಿಹಾಸ ಗ್ರಂಥಗಳಲ್ಲಿ ಇದು ಫೂರೊನ್ ಒಪ್ಪಂದವೆಂದು ಹೆಸರಾಗಿದೆ.

ಮಧ್ಯಯುಗದಲ್ಲಿ ಈ ಆರು ಹಳ್ಳಿಗಳು ಒಬ್ಬನೇ ಒಡೆಯನ ಕೈಯಲ್ಲಿರಲಿಲ್ಲ. ಪಶ್ಚಿಮದ ಹಳ್ಳಿಗಳು ಡಾಲೆಮ್ ಕೌಂಟಿಗೂ ಪೂರ್ವದ ಟ್ಯೂವೆನ್, ರೇಮರ್ಸ್‌ದಾಲ್ ಹಳ್ಳಿಗಳು ಲಿಂಬರ್ಗ್ ಡಚಿಗೂ ಸೇರಿದ್ದವು. 13ನೆಯ ಶತಮಾನದಲ್ಲಿ ಡಾಲೆಮನ್ನು ಬ್ರಬಾಂಟಿನ ಡ್ಯೂಕರು ವಶಪಡಿಸಿಕೊಂಡರು. 1288ರ ವೋರಿಂಗೆನ್ ಕದನದ ತರುವಾಯ ಲಿಂಬರ್ಗ್ ಕೂಡ ಬ್ರಬಾಂಟಿನ ಅಧೀನವಾಯಿತು.

ಸಿಂಟ್ ಪೀಟರ್ಸ್ ವೂರೆನ್‌ನ ಕಥೆ ಬೇರೆ. 1242ರಲ್ಲಿ ಸ್ಥಳೀಯ ಪ್ರಭುವೊಬ್ಬ ತನ್ನ ಆಸ್ತಿಯನ್ನು ಟ್ಯೂಟಾನಿಕ್ ನೈಟರ ಸಂಘಕ್ಕೆ ದಾನ ಮಾಡಿದ. ಧರ್ಮಯುದ್ಧಗಳ ಕಾಲದಲ್ಲಿ ಹುಟ್ಟಿದ ಈ ಯೋಧ ಸಂನ್ಯಾಸಿಗಳ ಸಂಘ ಇಲ್ಲಿ ಠಾಣೆಯೊಂದನ್ನು ಕಟ್ಟಿ, ಐದೂವರೆ ಶತಮಾನ ಹಳ್ಳಿಯನ್ನು ಆಳಿತು. ಕಮಾಂಡರಿ ಎನ್ನಿಸಿಕೊಳ್ಳುವ ಈಗಿನ ಕೋಟೆಮನೆ 17ನೆಯ ಶತಮಾನದ ಆರಂಭದ್ದು. ವೂರ್ ಹೊಳೆಯ ಬುಗ್ಗೆ ಇರುವುದು ಇದರ ಆವರಣದಲ್ಲೇ. ಆ ತಣ್ಣೀರಿನ ಕೊಳಗಳಲ್ಲಿ ಟ್ರೌಟ್ ಮತ್ತು ಸ್ಟರ್ಜನ್ ಮೀನುಗಳನ್ನು ಸಾಕುತ್ತ ಬಂದಿದ್ದಾರೆ. ಟ್ಯೂವೆನ್ ಬಳಿಯ ಸಿನ್ನಿಕ್‌ನಲ್ಲಿ 13ನೆಯ ಶತಮಾನದಿಂದ ಅಗಸ್ಟೀನ್ ಪಂಥದ ಸಂನ್ಯಾಸಿನಿಯರ ಮಠವಿತ್ತು. ಫ್ರೆಂಚ್ ಕ್ರಾಂತಿಕಾರರ ಆಳ್ವಿಕೆಯಲ್ಲಿ ಮಠ, ಕಮಾಂಡರಿ ಎರಡೂ ಮುಟ್ಟುಗೋಲಾಗಿ ಖಾಸಗಿಯವರ ಪಾಲಾದವು.

1795ರಲ್ಲಿ ಫ್ರಾನ್ಸ್ ಈ ಪ್ರದೇಶವನ್ನು ತನ್ನೊಳಗೆ ಸೇರಿಸಿಕೊಂಡು, ಹಳೆಯ ಕೌಂಟಿ, ಡಚಿಗಳನ್ನು ಅಳಿಸಿ, ಲೀಯೆಜನ್ನು ಕೇಂದ್ರವಾಗಿಸಿಕೊಂಡ ಊರ್ತ್ ಜಿಲ್ಲೆಗೆ ವೂರೆನ್ ಹಳ್ಳಿಗಳನ್ನು ಹಾಕಿತು. ನೆಪೋಲಿಯನ್ ಸೋತ ಮೇಲೆ ಆ ಜಿಲ್ಲೆಯೇ ಬಹುಮಟ್ಟಿಗೆ ಲೀಯೆಜ್ ಪ್ರಾಂತವಾಯಿತು. 1830ರಲ್ಲಿ ಬೆಲ್ಜಿಯಮ್ ಸ್ವತಂತ್ರವಾದಾಗ ಹಳ್ಳಿಗಳು ಅಲ್ಲಿಯೇ ಉಳಿದವು. 1839ರ ಒಪ್ಪಂದದಿಂದ ನೆದರ್ಲೆಂಡ್ಸಿನೊಂದಿಗಿನ ಗಡಿ ತೀರ್ಮಾನವಾಗಿ, 1843ರಲ್ಲಿ ಗಡಿಗಂಬಗಳನ್ನು ನೆಡಲಾಯಿತು. ಅಲ್ಲಿಯವರೆಗೆ ಒಂದೇ ಆಗಿದ್ದ ಹೊಲಗದ್ದೆಗಳ ಸೀಮೆ ಎರಡು ದೇಶಗಳಿಗೆ ಹಂಚಿಹೋಯಿತು.

ಎರಡು ಮಹಾಯುದ್ಧಗಳು

1914ರ ಆಗಸ್ಟ್ 4ರಂದು ಜರ್ಮನ್ ಸೈನ್ಯ ಬೆಲ್ಜಿಯಮ್ಮಿಗೆ ನುಗ್ಗಿದಾಗ ಅದರ ಒಂದು ದಾರಿ ವೂರೆನ್ ಸೀಮೆಯ ಮೂಲಕವೇ ಇತ್ತು. ನೆರೆಯ ವೀಸೆ ಪಟ್ಟಣದ ಸೇತುವೆಯನ್ನು ಬೆಲ್ಜಿಯನ್ನರು ಕೆಡವಿದ್ದರಿಂದ ಸೈನ್ಯ ಮಾಸ್ ದಂಡೆಯಲ್ಲೇ ತಡೆದು ನಿಂತಿತು. ಆ ದಿನಗಳಲ್ಲಿ ಮೂಲಿಂಗೆನ್‌ನ ಮನೆಗಳಿಗೆ ಬೆಂಕಿ ಬಿತ್ತು. 1915ರಿಂದ ಜರ್ಮನ್ನರು ನೆದರ್ಲೆಂಡ್ಸ್ ಗಡಿಯುದ್ದಕ್ಕೂ 2,000 ವೋಲ್ಟಿನ ವಿದ್ಯುತ್ ತಂತಿಬೇಲಿ ಹಾಕಿದರು. ತಟಸ್ಥ ನಾಡಿಗೆ ತಪ್ಪಿಸಿಕೊಂಡು ಹೋಗಲು ಯತ್ನಿಸಿದ ಎಷ್ಟೋ ಜನರನ್ನು ಬಲಿ ತೆಗೆದುಕೊಂಡ ಅದನ್ನು ಸುತ್ತಲಿನವರು ಸಾವಿನ ತಂತಿ ಎಂದೇ ಕರೆದರು.

ಆ ಯುದ್ಧ ಬಿಟ್ಟುಹೋದ ದೊಡ್ಡ ಗುರುತು ರೈಲುದಾರಿ. ಆಕೆನ್‌ನಿಂದ ಬೆಲ್ಜಿಯಮ್ಮಿನೊಳಕ್ಕೆ ಸರಕು ಸಾಗಿಸಲು ಜರ್ಮನ್ನರಿಗೆ ಇದ್ದ ದಾರಿ ಲೀಯೆಜ್ ಮೂಲಕ; ಅಲ್ಲಿಯ ಏರು ಬಹಳ ಕಡಿದು. ಮಾಸ್ಟ್ರಿಕ್ಟ್ ಮೂಲಕದ ದಾರಿ ತಟಸ್ಥ ದೇಶದ್ದು. ಹೀಗಾಗಿ ಅವರು 1915ರಿಂದ 1917ರೊಳಗೆ ಬೆಲ್ಜಿಯಮ್ಮಿನ ಟೋಂಗೆರೆನ್ ಪಟ್ಟಣದವರೆಗೆ ಹೊಸ ದಾರಿಯನ್ನೇ ಕಟ್ಟಿದರು. ಕೆಲಸಕ್ಕೆ ಹಚ್ಚಿದವರಲ್ಲಿ ರಷ್ಯನ್ ಯುದ್ಧಕೈದಿಗಳೂ ಇದ್ದರು. ಸಿಂಟ್ ಮಾರ್ಟೆನ್ಸ್ ವೂರೆನ್‌ನಲ್ಲಿ ಮನೆಗಳ ನೆತ್ತಿಯ ಮೇಲೆ ಹಾಯುವ ಎತ್ತರದ ಸೇತುವೆ, ಅದರಾಚೆಗೆ ಎರಡು ಕಿ.ಮೀ.ಗೂ ಉದ್ದದ ಸುರಂಗ ಈ ದಾರಿಯವು. ಪ್ರಯಾಣಿಕರ ರೈಲು ಇಲ್ಲಿ ಓಡುವುದು ನಿಂತು ದಶಕಗಳಾದವು. ಆಂಟ್‌ವರ್ಪ್ ಬಂದರು ಮತ್ತು ಜರ್ಮನಿಯ ನಡುವಣ ಸರಕು ರೈಲುಗಳು ಮಾತ್ರ ಈಗಲೂ ಹಗಲಿರುಳು ಓಡುತ್ತವೆ.

ಎರಡನೆಯ ಮಹಾಯುದ್ಧದಲ್ಲಿ 1940ರ ಮೇ ತಿಂಗಳಲ್ಲಿ ಮತ್ತೆ ಜರ್ಮನರ ವಶವಾದ ಈ ಸೀಮೆಯನ್ನು 1944ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಡೆಗಳು ಬಿಡುಗಡೆ ಮಾಡಿದವು.

ಬೇಸಾಯ, ಮನೆ, ಊಟ

ವೂರೆನ್‌ನ ಬದುಕು ದಕ್ಷಿಣಕ್ಕಿರುವ ಎರ್ವ್ ಸೀಮೆಯ ಬದುಕಿನೊಂದಿಗೆ ಹೆಣೆದುಕೊಂಡಿದೆ. ಜೇಡಿಮಣ್ಣಿನ ಒದ್ದೆ ಇಳಿಜಾರು ಕಾಳುಬೆಳೆಗಿಂತ ಹುಲ್ಲಿಗೆ ಒಗ್ಗುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಅಗ್ಗದ ಗೋಧಿ ಯೂರೋಪಿನ ಮಾರುಕಟ್ಟೆ ತುಂಬಿದಾಗ ಉಳುವ ನೆಲ ಇನ್ನೂ ಕಡಿಮೆಯಾಗಿ, ಹುಲ್ಲುಗಾವಲು ಮತ್ತು ಹೈನುಗಾರಿಕೆ ಹೆಚ್ಚಿದವು. ಎತ್ತರಕ್ಕೆ ಬೆಳೆಯುವ ಸೇಬು, ಪೇರು, ಚೆರಿ ಮರಗಳನ್ನು ದೂರದೂರಕ್ಕೆ ನೆಟ್ಟು, ಕೆಳಗೆ ದನ ಮೇಯಿಸುವುದು ಇಲ್ಲಿಯ ಪದ್ಧತಿ. ಒಂದೇ ನೆಲದಿಂದ ಹಣ್ಣೂ ಬಂತು, ಹಾಲೂ ಬಂತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಗಿಡ್ಡ ಮರಗಳ ಬಿರುಸಿನ ತೋಟಗಾರಿಕೆ ಬಂದ ಮೇಲೆ ಹಳೆಯ ತೋಪುಗಳು ಕ್ಷೀಣಿಸಿದವು. ಉಳಿದಿರುವವು ಏಪ್ರಿಲ್-ಮೇ ತಿಂಗಳಲ್ಲಿ ಹೂ ಬಿಟ್ಟಾಗ ನಡಿಗೆದಾರರನ್ನು ಸೆಳೆಯುತ್ತವೆ.

ಮಾರಾಟಕ್ಕೆ ಬಾರದ ಉದುರು ಹಣ್ಣು ಪಾಕಕ್ಕೆ ಹೋಗುತ್ತದೆ. ಸೇಬು, ಪೇರುಗಳನ್ನು ಸಿಪ್ಪೆ ಸಹಿತ ತಾಮ್ರದ ಹಂಡೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಒತ್ತಿ ರಸ ತೆಗೆಯುತ್ತಾರೆ. ಆ ರಸವನ್ನು ಮತ್ತೆ ಕುದಿಸುತ್ತ ಹೋದರೆ ಜೋನಿಬೆಲ್ಲದ ಹಾಗೆ ಕಪ್ಪಗೆ, ಮಂದವಾಗಿ ಇಳಿಯುತ್ತದೆ. ಸಾಂಪ್ರದಾಯಿಕ ಪಾಕಕ್ಕೆ ಸಕ್ಕರೆ ಸೇರಿಸುವುದಿಲ್ಲ; ಹಣ್ಣಿನ ಸಿಹಿಯೇ ಸಾಕು. ಇದನ್ನು ಬ್ರೆಡ್ಡಿಗೆ ಸವರಿ, ಘಾಟು ವಾಸನೆಯ ಎರ್ವ್ ಚೀಸಿನೊಂದಿಗೆ ತಿನ್ನುವುದು ಗಡಿಯ ಎರಡೂ ಕಡೆಯ ರೂಢಿ. ಹಣ್ಣು ತುಂಬಿ ಬೇಯಿಸುವ ವ್ಲಾಯ್ ಎಂಬ ತಟ್ಟೆಯಗಲದ ಸಿಹಿತಿಂಡಿ ಹಬ್ಬದ ಊಟದಲ್ಲಿ ಇರಲೇಬೇಕು.

ಹಳೆಯ ಮನೆಗಳು ಓಕ್ ಮರದ ಚೌಕಟ್ಟಿನವು. ಕೆಳಗೆ ಚಕಮಕಿ ಅಥವಾ ಸುಣ್ಣಕಲ್ಲಿನ ಪಾಯ. ತೊಲೆಗಳ ನಡುವಣ ಖಾಲಿಗೆ ಕಡ್ಡಿ ಹೆಣೆದು, ಹುಲ್ಲು ಬೆರೆಸಿದ ಜೇಡಿಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ಮರಕ್ಕೆ ಕಪ್ಪು, ಗೋಡೆಗೆ ಬಿಳಿ. ಅನುಕೂಲಸ್ಥರ ತೋಟದಮನೆಗಳು ಕಲ್ಲು-ಇಟ್ಟಿಗೆಯವು: ನಾಲ್ಕೂ ಕಡೆ ಕಟ್ಟಡ, ನಡುವೆ ಅಂಗಳ, ಬೀದಿಗೆ ಗಾಡಿ ಹಿಡಿಸುವಷ್ಟು ದೊಡ್ಡ ಹೆಬ್ಬಾಗಿಲು.

ಮಾತು ಮತ್ತು ಆಚರಣೆ

ಹಳ್ಳಿಗರ ಮನೆಮಾತು ಲಿಂಬರ್ಗಿಶ್ ಉಪಭಾಷೆ. ಪೂರ್ವಕ್ಕೆ ಹೋದಂತೆ ಅದು ಆಕೆನ್ ಕಡೆಯ ಜರ್ಮನ್ ಉಪಭಾಷೆಗಳತ್ತ ವಾಲುತ್ತದೆ. ಗಡಿಯಾಚೆಯ ಡಚ್ ಹಳ್ಳಿಗಳಲ್ಲೂ ಇದೇ ಮಾತು. ಆದರೆ ಶಾಲೆ, ಚರ್ಚು, ಕಚೇರಿಗಳ ಭಾಷೆ ಕಾಲಕಾಲಕ್ಕೆ ಬದಲಾಗುತ್ತ ಬಂತು: ಪೂರ್ವದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಜರ್ಮನ್, ಲೀಯೆಜ್ ಆಡಳಿತದಿಂದಾಗಿ ಫ್ರೆಂಚ್, 20ನೆಯ ಶತಮಾನದಲ್ಲಿ ಡಚ್. ಸಿಂಟ್ ಮಾರ್ಟೆನ್ಸ್ ವೂರೆನ್‌ನ ಪಾದ್ರಿ ಹೆಂಡ್ರಿಕ್ ವೆಲ್ಟ್‌ಮನ್ಸ್ ಡಚ್ ಪರವಾಗಿ ದುಡಿದವರಲ್ಲಿ ಮುಖ್ಯರು. ಅಲ್ಲಿಯ ಸಾಂಸ್ಕೃತಿಕ ಕೇಂದ್ರಕ್ಕೆ ಅವರ ಹೆಸರಿದೆ.

ಊರಹಬ್ಬದಲ್ಲಿ ವಾದ್ಯವೃಂದದ ಹಿಂದೆ ಹೆಣ್ಣುಗಂಡುಗಳು ಕೈಕೈ ಹಿಡಿದು ಉದ್ದನೆಯ ಸರಪಳಿಯಾಗಿ ಬೀದಿಬೀದಿ ಕುಣಿಯುತ್ತ ಹೋಗುವ ಕ್ರಮಿನ್ಯೋ ನೃತ್ಯ ಮಾಸ್ ಕಣಿವೆಯ ವಿಶೇಷ. ವಾಲೋನಿಯದ ವೀಸೆ ಸುತ್ತಿನಲ್ಲೂ ನೆದರ್ಲೆಂಡ್ಸಿನ ಐಸ್ಡೆನ್‌ನಲ್ಲೂ ಇದೇ ಕುಣಿತವಿದೆ. ಭಾಷಾ ಜಗಳ ಎಷ್ಟೇ ಕಾವೇರಿದರೂ ಈ ನಂಟುಗಳು ಕಡಿಯಲಿಲ್ಲ.

ಭಾಷಾಗಡಿಯ ವಿವಾದ

1932ರ ಕಾನೂನು ಊರಿನ ಆಡಳಿತ ಭಾಷೆಯನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿಗೆ ಕಟ್ಟಿಹಾಕಿತು. 1930ರ ಗಣತಿಯಲ್ಲಿ ಆರು ಹಳ್ಳಿಗಳ ಶೇ. 81ರಷ್ಟು ಜನ ಡಚ್ ಭಾಷಿಕರೆಂದು ದಾಖಲಾಗಿದ್ದರೆ, 1947ರಲ್ಲಿ ಶೇ. 57ರಷ್ಟು ಜನ ಫ್ರೆಂಚ್ ಭಾಷಿಕರೆಂದು ದಾಖಲಾದರು. ಹದಿನೇಳು ವರ್ಷಗಳಲ್ಲಿ ಒಂದು ಸೀಮೆಯ ಮನೆಮಾತು ಹೀಗೆ ತಿರುವುಮುರುವಾಗುವುದು ಸಾಧ್ಯವಿಲ್ಲ. ಬದಲಾದದ್ದು ಬಾಯಿಮಾತಲ್ಲ, ಜನ ಗುರುತಿಸಿಕೊಳ್ಳಲು ಬಯಸಿದ ಪಕ್ಷ. ಜರ್ಮನ್ ಆಕ್ರಮಣದ ಕಹಿ ಆಗಿನ್ನೂ ಹಸಿಯಾಗಿತ್ತು. ಲೀಯೆಜ್‌ನ ಕಾರ್ಖಾನೆಗಳಲ್ಲಿ ಕೂಲಿ, ವೀಸೆ ಮತ್ತು ಓಬೆಲ್ ಸಂತೆಗಳಲ್ಲಿ ವ್ಯಾಪಾರ, ವೈದ್ಯರು, ಮಕ್ಕಳ ಮುಂದಿನ ಓದು ಎಲ್ಲವೂ ಫ್ರೆಂಚ್ ಸೀಮೆಯಲ್ಲಿದ್ದವು. ಮನೆಯಲ್ಲಿ ಲಿಂಬರ್ಗಿಶ್ ಆಡುವ ರೈತ ಗಣತಿಯವನ ಮುಂದೆ ಫ್ರೆಂಚ್ ಎನ್ನುವುದಕ್ಕೆ ಇಷ್ಟು ಕಾರಣ ಸಾಕಿತ್ತು.

ಇಂಥ ಲೆಕ್ಕದಿಂದ ತಮ್ಮ ನೆಲ ಸವೆಯುತ್ತಿದೆ ಎಂದು ಫ್ಲಾಂಡರ್ಸಿನ ಡಚ್ ಭಾಷಿಕರಾದ ಫ್ಲೆಮಿಶರು ಪ್ರತಿಭಟಿಸಿದ್ದರಿಂದ 1961ರಲ್ಲಿ ಭಾಷಾ ಗಣತಿಯನ್ನೇ ಕೈಬಿಡಲಾಯಿತು. 1962ರ ನವೆಂಬರ್ 8ರ ಕಾನೂನು ಭಾಷಾಗಡಿಯನ್ನು ಖಾಯಂ ಆಗಿ ಎಳೆಯಿತು. ಪಶ್ಚಿಮದಲ್ಲಿ ಫ್ರೆಂಚ್ ಭಾಷೆಯ ಮೂಸ್ಕ್ರೊನ್, ಕೊಮೀನ್ ಪ್ರದೇಶಗಳು ಫ್ಲಾಂಡರ್ಸಿನಿಂದ ವಾಲೋನಿಯದ ಎನೋ ಪ್ರಾಂತಕ್ಕೆ ಹೋದವು; ಪೂರ್ವದಲ್ಲಿ ವೂರೆನ್ ಲೀಯೆಜ್ ಬಿಟ್ಟು ಲಿಂಬರ್ಗ್ ಸೇರಿತು. ಸ್ಥಳೀಯರು ತಾವೇ ನಡೆಸಿದ ಮತಸಂಗ್ರಹದಲ್ಲಿ ಬಹುಪಾಲು ಜನ ಲೀಯೆಜ್‌ನಲ್ಲೇ ಉಳಿಯುವ ಇಚ್ಛೆ ತೋರಿದ್ದರು. ಸಂಸತ್ತು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವರ್ಗಾವಣೆ 1963ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಫ್ರೆಂಚ್ ಭಾಷಿಕರಿಗೆ ಭಾಷಾ ಸೌಲಭ್ಯ ಕೊಡಲಾಯಿತು: ಆಡಳಿತ ಭಾಷೆ ಡಚ್ ಆದರೂ ಪ್ರಕಟಣೆಗಳು ಎರಡೂ ಭಾಷೆಗಳಲ್ಲಿ ಇರಬೇಕು, ಕೇಳಿದವರಿಗೆ ಕಾಗದಪತ್ರ ಫ್ರೆಂಚಿನಲ್ಲಿ ಸಿಗಬೇಕು. ಫ್ಲಾಂಡರ್ಸಿನಲ್ಲಿ ಇಂಥ ಸೌಲಭ್ಯವಿರುವ ಪುರಸಭೆಗಳು 12.

ಊರು ಎರಡು ಬಣವಾಯಿತು. ಒಂದು ಕಡೆ ‘ಲೀಯೆಜ್‌ಗೆ ಮರಳೋಣ’ ಎಂಬ ಬಣ, ಇನ್ನೊಂದು ಕಡೆ ವೂರ್‌ಬೆಲಾಂಗೆನ್ ಎಂಬ ಫ್ಲೆಮಿಶ್ ಪರ ಬಣ. ರಸ್ತೆಫಲಕಗಳಲ್ಲಿ ಒಂದು ಭಾಷೆಯ ಹೆಸರಿಗೆ ಇನ್ನೊಂದು ಬಣದವರು ರಾತ್ರೋರಾತ್ರಿ ಬಣ್ಣ ಬಳಿಯುವುದು ಮಾಮೂಲಾಯಿತು. 1970ರ ದಶಕದ ಕೊನೆಯಲ್ಲಿ ಹೊರಗಿನ ಫ್ಲೆಮಿಶ್ ಉಗ್ರ ಸಂಘಟನೆಗಳು ‘ನಡಿಗೆ’ ಎಂಬ ಹೆಸರಿನಲ್ಲಿ ಹಳ್ಳಿಗಳಿಗೆ ಮೆರವಣಿಗೆ ತಂದವು. ಎದುರಿಗೆ ಫ್ರೆಂಚ್ ಬಣದವರು ನಿಂತರು. ಭಾನುವಾರಗಳಂದು ಹಳ್ಳಿಬೀದಿಯಲ್ಲಿ ಪೊಲೀಸರ ಸಾಲು ನಿಲ್ಲುವಂತಾಯಿತು.

ಹಪ್ಪಾರ್ ಪ್ರಕರಣ

ಈ ಕಾವಿನಲ್ಲಿ ಫ್ರೆಂಚ್ ಬಣದಿಂದ ಮೇಲೆದ್ದ ನಾಯಕ ಜೋಸೆ ಹಪ್ಪಾರ್. ಲೀಯೆಜ್ ಬಳಿಯ ಎರ್‌ಸ್ತಾಲ್‌ನಲ್ಲಿ 1947ರಲ್ಲಿ ಹುಟ್ಟಿ, ವೂರೆನ್‌ನಲ್ಲಿ ಹಣ್ಣಿನ ತೋಟ ಮಾಡಿಕೊಂಡಿದ್ದವರು. 1982ರ ಚುನಾವಣೆಯಲ್ಲಿ ಅವರ ಬಣ ಬಹುಮತ ಗಳಿಸಿತು. 1983ರಲ್ಲಿ ಅವರು ಮೇಯರ್ ಆಗಿ ನೇಮಕಗೊಂಡರು. ಡಚ್ ಭಾಷೆಯ ಪುರಸಭೆಯ ಮೇಯರ್ ಡಚ್ ಬಲ್ಲವರಾಗಿರಬೇಕೆಂದು ಫ್ಲೆಮಿಶರ ವಾದ. ಜನ ಆರಿಸಿದವನಿಗೆ ಭಾಷಾ ಪರೀಕ್ಷೆ ಏಕೆಂದು ಹಪ್ಪಾರ್ ಅವರ ಪ್ರಶ್ನೆ. ಅವರು ಪರೀಕ್ಷೆಗೆ ಒಪ್ಪಲಿಲ್ಲ. 1984ರಲ್ಲಿ ಅವರು ವಾಲೋನಿಯದ ಸಮಾಜವಾದಿಗಳ ಪಟ್ಟಿಯಿಂದ ಯೂರೋಪಿಯನ್ ಸಂಸತ್ತಿಗೆ ನಿಂತು ಎರಡು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಪುರಸಭೆಯ ಜಗಳ ದೇಶದ ಜಗಳವಾಯಿತು.

1986ರಲ್ಲಿ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಅವರ ನೇಮಕವನ್ನು ರದ್ದುಗೊಳಿಸಿತು. ಪುರಸಭೆಯಲ್ಲಿನ ಬಹುಮತದ ಬೆಂಬಲದಿಂದ ಅವರು ಬೇರೆ ಬೇರೆ ದಾರಿಯಲ್ಲಿ ಅಧಿಕಾರದಲ್ಲಿ ಮುಂದುವರಿದರು. ಪರಿಹಾರ ಸಿಗದೆ ಸಂಪುಟದ ಫ್ಲೆಮಿಶ್, ಫ್ರೆಂಚ್ ಸಚಿವರು ಒಡೆದುಹೋದರು. 1987ರ ಅಕ್ಟೋಬರಿನಲ್ಲಿ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸ್ ರಾಜೀನಾಮೆ ಕೊಟ್ಟರು.

ಮುಂದಿನ ಸರ್ಕಾರ 1988ರ ಆಗಸ್ಟ್ 9ರ ಕಾನೂನಿನಿಂದ ರಾಜಿ ಮಾಡಿತು. ಜನರಿಂದ ನೇರವಾಗಿ ಆಯ್ಕೆಯಾದವರಿಗೆ ಸ್ಥಳೀಯ ಆಡಳಿತ ಭಾಷೆ ತಿಳಿದಿದೆ ಎಂದೇ ಭಾವಿಸತಕ್ಕದ್ದು. ಆದರೆ ಮೇಯರ್ ವಿಷಯದಲ್ಲಿ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಉಪಮೇಯರುಗಳನ್ನು ಮತದಾರರೇ ನೇರವಾಗಿ ಆರಿಸಬೇಕು. ಇದರಿಂದ ಎರಡೂ ಬಣಗಳಿಗೆ ಆಡಳಿತದಲ್ಲಿ ಪಾಲು ಸಿಕ್ಕಿತು. ಹಪ್ಪಾರ್ ಮುಂದೆ ವಾಲೋನಿಯದ ಕೃಷಿ ಸಚಿವರೂ ಅಲ್ಲಿಯ ಶಾಸನಸಭೆಯ ಅಧ್ಯಕ್ಷರೂ ಆದರು.

ಇತ್ತೀಚಿನ ಬೆಳವಣಿಗೆ

ಸಮತೋಲ ತಪ್ಪಿಸಿದವರು ಮೂರನೆಯವರು. ಮಾಸ್ಟ್ರಿಕ್ಟ್ ಸುತ್ತಲಿನ ಡಚ್ ಪ್ರಜೆಗಳು ಗಡಿ ದಾಟಿ ವೂರೆನ್‌ನಲ್ಲಿ ಮನೆ ಮಾಡಿದ್ದರು. ಯೂರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ತಾವು ನೆಲೆಸಿದ ಊರಿನ ಸ್ಥಳೀಯ ಚುನಾವಣೆಯಲ್ಲಿ ಮತದಾನದ ಹಕ್ಕು ಬಂದ ಮೇಲೆ, 2000ದ ಅಕ್ಟೋಬರಿನಲ್ಲಿ ಅವರು ಇಲ್ಲಿ ಮೊದಲ ಬಾರಿಗೆ ಮತ ಹಾಕಿದರು. 15 ಸ್ಥಾನಗಳಲ್ಲಿ 8ನ್ನು ವೂರ್‌ಬೆಲಾಂಗೆನ್ ಗೆದ್ದಿತು. ಆ ಬಣದ ಹ್ಯೂಬ್ ಬ್ರೂರ್ಸ್ ಮೇಯರ್ ಆದರು. 2006ರಲ್ಲಿ ಆ ಬಹುಮತ ಇನ್ನಷ್ಟು ಬೆಳೆಯಿತು. ನ್ಯಾಯಾಲಯ, ಸಂಸತ್ತು, ಬೀದಿ ಮೆರವಣಿಗೆಗಳು ತೀರ್ಮಾನಿಸಲಾಗದ್ದನ್ನು ಅಗ್ಗದ ನಿವೇಶನ ಹುಡುಕಿ ಬಂದವರ ಮತ ತೀರ್ಮಾನಿಸಿತು.

ಈಗ ಬೀದಿ ಗಲಾಟೆಗಳಿಲ್ಲ. ಭಾಷಾ ಸೌಲಭ್ಯದ ಬಗೆಗಿನ ತಕರಾರು ಮಾತ್ರ ಉಳಿದಿದೆ. ಫ್ರೆಂಚ್ ಕಾಗದ ಬೇಕಾದವರು ಪ್ರತಿ ಸಲವೂ ಹೊಸದಾಗಿ ಕೇಳಬೇಕೆಂಬುದು 1997ರಿಂದ ಫ್ಲೆಮಿಶ್ ಸರ್ಕಾರದ ನಿಲುವು. ಒಮ್ಮೆ ಕೇಳಿದರೆ ಸಾಕೆಂಬುದು ಫ್ರೆಂಚ್ ಭಾಷಿಕರ ನಿಲುವು. ನಡಿಗೆದಾರರು ಮತ್ತು ಸೈಕಲ್ ಸವಾರರು ತರುವ ಆದಾಯ ಬೇಸಾಯದ ಜೊತೆಗೆ ಊರಿಗೆ ಆಧಾರವಾಗಿದೆ. 1988ರ ಕಾನೂನಿನ ಇನ್ನೊಂದು ಅಂಶವೂ ಜಾರಿಯಲ್ಲಿದೆ: ದೇಶದ ಸಂಸತ್ತಿನ ಮತ್ತು ಯೂರೋಪಿಯನ್ ಸಂಸತ್ತಿನ ಚುನಾವಣೆಗಳಲ್ಲಿ ವೂರೆನ್‌ನ ಮತದಾರರು ಬಯಸಿದರೆ ನೆರೆಯ ಓಬೆಲ್‌ಗೆ ಹೋಗಿ, ಲೀಯೆಜ್‌ನ ಅಭ್ಯರ್ಥಿಗಳಿಗೆ ಮತ ಹಾಕಬಹುದು.